ಕಂಪ್ಯೂಟರ್ ಕಂಪನಿಯ ಕಾದಂಬರಿಕಾರ

ಕಾದಂಬರಿ ಬರೆಯುವವನ ಪಾಡು ಎಲ್ಲೆಡೆ ಒಂದೇ ಎನ್ನುತ್ತಾರೆ. ಇರಬಹುದು. ಆದರೆ ಕಂಪ್ಯೂಟರ್ ಕಂಪನಿಯಲ್ಲಿ ಕೂತು ಅದರ ಮೇಲೆಯೇ ಕಾದಂಬರಿ ಬರೆಯಲು ಹೊರಟ ನನಗೆ ಆದಂಥವು ಇನ್ನೊಬ್ಬರಿಗೆ ಆಗುವುದು ಬೇಡ. ಒಂದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಕಾದಿರುತ್ತಿತ್ತು.

ಮೊದಲು ಬರೀರಿ

ಎಂಬತ್ತರ ದಶಕದ ಕೊನೆ. ಬೆಂಗಳೂರಿನ ಇಂಜಿನಿಯರೊಬ್ಬರು ಭದ್ರವಾದ ಕೆಲಸ ಬಿಟ್ಟು, ಮುಂಬಯಿಯ ಜೋಗೇಶ್ವರಿಯಲ್ಲಿ ಷಟರ್ ಬಾಗಿಲಿನ ಒಂದು ಕೋಣೆ ಹಿಡಿದು ಕಂಪ್ಯೂಟರ್ ಕಂಪನಿ ತೆರೆದಿದ್ದರು. ಒಂದು ಪಕ್ಕ ಬಾಚಣಿಗೆ ಕಾರ್ಖಾನೆ, ಇನ್ನೊಂದು ಪಕ್ಕ ಪಾತ್ರೆ ಪಾಲಿಶ್. ಟೈಪಿಸ್ಟ್ ಕೆಲಸ ಕೇಳಿಕೊಂಡು ಹೋದ ನಾನು, ಕಥೆಯನ್ನೂ ಬರೆಯುತ್ತೇನೆಂದು ಬಾಯಿ ತಪ್ಪಿ ಹೇಳಿಬಿಟ್ಟೆ. ಅವರ ಮುಖ ಅರಳಿತು. ಮುಂಬಯಿಯ ಕನ್ನಡದವರಿಗೆ ಹಂಚಲು ತಮ್ಮ ಕಂಪ್ಯೂಟರ್ ಮಿಷನ್ ಬಗ್ಗೆ ಒಂದು ಬ್ರೋಷರ್ ಬೇಕಿತ್ತಂತೆ. ಮಿಷನ್ ಒಮ್ಮೆ ನೋಡಬಹುದೇ ಎಂದೆ.

"ನೀವು ಮೊದಲು ಬರೀರಿ," ಎಂದರು. "ಅದನ್ನ ನೋಡ್ಕೊಂಡು ನಾವು ಮಾಡ್ತೀವಿ."

ಬರೆದೆ. ಹೋಟೆಲಿನ ಬಿಲ್ಲು ಮಾಡುತ್ತದೆ, ಕನ್ನಡ ಅಕ್ಷರ ತಾನೇ ಜೋಡಿಸುತ್ತದೆ, ತಪ್ಪಿದ್ದರೆ ತಿದ್ದುತ್ತದೆ ಎಂದೆಲ್ಲ ಬರೆದೆ. ಆ ಪಾಪಕ್ಕೆ ಪ್ರಾಯಶ್ಚಿತ್ತವೆಂದು ಕಂಪನಿಯ ನಿಜವನ್ನೆಲ್ಲ ಕಾದಂಬರಿ ಮಾಡತೊಡಗಿದೆ. ದಿನಾ ಕೆಲಸಕ್ಕೆ ಹೋಗುವಾಗ, ವಡಾಲದಿಂದ ಗಾಡಿ ಬದಲಿಸುವ ಅಂಧೇರಿವರೆಗೆ ಲೋಕಲ್‌ನಲ್ಲಿ, ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು. ಅದೊಂದು ಅಚ್ಚಾದರೆ ಸಾಕಿತ್ತು ನನಗೆ.

ಎರಡು ಮಸಾಲೆ ದೋಸೆ

ಏಸಿ ಇದ್ದದ್ದು ಕಂಪ್ಯೂಟರಿಗೆ ಮಾತ್ರ. ಗಾಜು ಅಡ್ಡ ಹಾಕಿ ಮಾಡಿದ ಅದರ ಕೋಣೆಗೆ ಎಲ್ಲರೂ ಚಪ್ಪಲಿ ಬಿಟ್ಟೇ ಹೋಗಬೇಕು. ಉಡುಪಿ ಕಡೆಯ ಹೋಟೆಲ್ ಮಾಲೀಕರೊಬ್ಬರು ನೋಡಲು ಬಂದವರು ಚಪ್ಪಲಿ ಬಿಟ್ಟು ಕೈಯನ್ನೂ ಮುಗಿದರು. ಬಿಲ್ಲು ಮಾಡುವ ಪ್ರೋಗ್ರಾಂ ಇನ್ನೂ ಆಗಿರಲಿಲ್ಲ. ಅದಕ್ಕೆ ನಮ್ಮವರು 'ಎರಡು ಮಸಾಲೆ ದೋಸೆ, ಎರಡು ಕಾಫಿ' ಎಂಬ ಒಂದೇ ಬಿಲ್ಲನ್ನು ಮೊದಲೇ ತುಂಬಿಸಿಟ್ಟಿದ್ದರು. ಆದರೆ ಬಂದವರಿಗೆ ಹೊಟ್ಟೆಯಲ್ಲಿ ಗ್ಯಾಸಂತೆ, ಇಡ್ಲಿ ಹಾಕಿ ಎಂದರು. ಪರದೆಯ ಮೇಲೆ ದೋಸೆ ಬಂತು. ಉಪ್ಪಿಟ್ಟು ಎಂದರು. ಮತ್ತೆ ದೋಸೆ.

ಅವರು ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡರು. "ಇಷ್ಟು ತಪ್ಪು ನಮ್ಮ ಸಪ್ಲೈಯರೇ ಮಾಡ್ತಾನೆ ಮಾರಾಯ್ರೆ. ಅವನಿಗೆ ಏಸಿ ಬೇಡ."

ಇವನ್ಯಾರು

ಒಂದು ದಿನ ನನ್ನ ನೋಟ್‌ಬುಕ್ ಕಂಪನಿಯ ಮಾಲೀಕರ ಕೈಗೆ ಸಿಕ್ಕಿತು. ಕೆಲಸ ಹೋಯಿತು ಎಂದುಕೊಂಡೆ. ಊಟದ ಹೊತ್ತೆಲ್ಲ ಕೂತು ಓದಿದರು, ಆಮೇಲೆ ನನ್ನನ್ನು ಕರೆದರು.

"ಈ ಮಾಲೀಕ ಯಾರ್ರೀ, ಇಷ್ಟು ಸುಳ್ಳ? ಇಂಥೋರಿಂದಲೇ ನಮ್ಮಂಥೋರಿಗೆ ಕೆಟ್ಟ ಹೆಸರು."

ಕಣ್ಣಾರೆ ಕಂಡವರು

ಮೂರು ವರ್ಷ ಬರೆದದ್ದನ್ನು ಭಾಂಡುಪ್‌ನ ಕನ್ನಡ ಸಂಪಾದಕರೊಬ್ಬರಿಗೆ ಕೊಟ್ಟೆ. ಅವರಿಗೆ ಸ್ವಂತ ಪ್ರೆಸ್ಸು, ಒಂದು ಮಾಸಪತ್ರಿಕೆ, ಪುಸ್ತಕ ಪ್ರಕಟಣೆಯೂ ಇತ್ತು. ತಿಂಗಳಾದ ಮೇಲೆ ಹೋದರೆ ಹಸ್ತಪ್ರತಿಯ ಕಟ್ಟನ್ನು ನನ್ನತ್ತ ಸರಿಸಿದರು. ಕಂಪ್ಯೂಟರಿಗೆ ಕೈ ಮುಗಿಯುವುದು, ಕೇಳದ ದೋಸೆಯ ಬಿಲ್ಲು, ಇವೆಲ್ಲ ಯಾವ ಲೋಕದಲ್ಲಿ ನಡೆಯುತ್ತವೆ ಎಂದು ಕೇಳಿದರು. ಬದುಕನ್ನು ನೋಡಿ ಬರೆಯಬೇಕಂತೆ. ಆಮೇಲೆ ಡ್ರಾಯರಿನಿಂದ ಒಂದು ಕಾಗದ ತೆಗೆದರು. ನನ್ನ ಬ್ರೋಷರ್.

"ಇದನ್ನ ಓದಿ. ಬರೆದವನು ಕಣ್ಣಾರೆ ಕಂಡು ಬರೆದಿದ್ದಾನೆ."

ಅದನ್ನು ನಂಬಿ ಅವರು ನಮ್ಮ ಮಿಷನ್ ಬುಕ್ ಮಾಡಿಬಿಟ್ಟಿದ್ದರು. ಅವರ ಹಿಂದೆ ವಯಸ್ಸಾದ ಕಂಪೋಸಿಟರ್ ಒಬ್ಬರು ಬೆಳಕಿಗೆ ಬಗ್ಗಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಬರುವ ತಿಂಗಳಿಂದ ಕೆಲಸಕ್ಕೆ ಬರಬೇಡ ಎಂದು ಆತನಿಗೆ ಹೇಳಿದ್ದೇನೆ ಎಂದು ಸಂಪಾದಕರು ತಗ್ಗಿದ ದನಿಯಲ್ಲಿ ಹೇಳಿದರು. ನನಗೆ ನನ್ನ ಮೇಲೇ ಹೇಸಿಗೆ ಬಂತು. ಕಾದಂಬರಿ ಹಾಳಾಗಿ ಹೋಗಲಿ ಎನ್ನಿಸಿತು.

"ಸಾರ್, ಅಂಥ ಮಿಷನ್ನೇ ಇಲ್ಲ. ಇದನ್ನ ಬರೆದವನು ನಾನೇ. ದಯವಿಟ್ಟು ಅವರನ್ನ ಕೆಲಸದಿಂದ ಬಿಡಿಸಬೇಡಿ."

ಅವರು ನನ್ನನ್ನು ಕನಿಕರದಿಂದ ನೋಡಿ ಬ್ರೋಷರನ್ನು ಜೋಪಾನವಾಗಿ ಒಳಗಿಟ್ಟರು.

"ನೋಡಿ, ಮತ್ತೆ ಕಾದಂಬರಿ ಶುರು ಮಾಡಿದ್ರಿ."