ಬೀದಿ ಕಡೆಯ ಗೋಡೆಗೆ, ಹುಣಸೆಹಣ್ಣಿನ ವಿಚಾರವಾಗಿ

ಅಮೆರಿಕದ ಡಬ್ಲಿನ್, ಆಗಸ್ಟ್ ೨೦೦೦

ನಮ್ಮ ಮನೆಯ ಬೀದಿ ಕಡೆಯ ಗೋಡೆಯವರಾದ ಮಾನ್ಯರೇ,

ತಾವೂ, ತಮಗೆ ಹೊದಿಸಿರುವ ಅಲ್ಯೂಮಿನಿಯಂ ಪಟ್ಟಿಗಳೂ, ಅವುಗಳನ್ನು ಮೂವತ್ತು ವರ್ಷದಿಂದ ಸುಡುತ್ತಿರುವ ಬಿಸಿಲೂ ಕ್ಷೇಮವೆಂದು ನಂಬಿ ಈ ದೂರನ್ನು ಬಹಿರಂಗವಾಗಿ ಸಲ್ಲಿಸುತ್ತಿದ್ದೇನೆ.

ಮನೆ ನೋಡಲು ಬಂದ ದಿನದಿಂದಲೂ ತಾವು ಮುಟ್ಟಿದವರಿಗೆಲ್ಲ ಧಾರಾಳವಾಗಿ ಬಿಳಿ ಪುಡಿ ಬಳಿಯುತ್ತಿದ್ದೀರಿ. ನನ್ನ ಕಪ್ಪು ಕೋಟಿನ ಬೆನ್ನ ಮೇಲಿನ ತಮ್ಮ ಗುರುತನ್ನು ಇಡೀ ಆಫೀಸು ನೋಡಿದೆ. ಆಷಾಢ ಕಳೆಯಲೆಂದು ತಡೆದಿದ್ದ ಗೃಹಪ್ರವೇಶ ಈಗ ಬರುವ ಭಾನುವಾರಕ್ಕೆ ಗೊತ್ತಾಗಿದ್ದು, ಅರವತ್ತು ಜನ ರೇಷ್ಮೆ ಉಟ್ಟು ತಮ್ಮ ಪಕ್ಕದಲ್ಲೇ ಹಾದು ಒಳಗೆ ಬರಬೇಕಾಗಿದೆ.

ಹಾರ್ಡ್‌ವೇರ್ ಅಂಗಡಿಯ ಮುದುಕರು ಇದು ಆಕ್ಸಿಡೀಕರಣವೆಂದು ಹೇಳಿ ಒಂದು ಚೀಟಿ ಬರೆದುಕೊಟ್ಟಿದ್ದರು: ಸೌಮ್ಯವಾದ ಸೋಪಿನ ನೀರು, ಮೆತ್ತನೆಯ ಬ್ರಷ್ಷು, ರಭಸವಿಲ್ಲದ ಪೈಪಿನ ನೀರು, ಎಲ್ಲಕ್ಕಿಂತ ಮೊದಲು ಯಾರಿಗೂ ಕಾಣದ ಮೂಲೆಯಲ್ಲಿ ಅಂಗೈಯಗಲ ಪರೀಕ್ಷೆ. ಇದು ಓದಿದವರಿಗೆ ಬರೆದದ್ದಲ್ಲವೆಂದು ಮಡಿಚಿ ಜೇಬಿಗಿಟ್ಟೆ. ಆಕ್ಸಿಡೀಕರಣವೆಂದರೆ ಕಿಲುಬು, ಕಿಲುಬಿಗೆ ಹುಣಸೆಹಣ್ಣು ಎಂದು ಮಂಡ್ಯದ ಹೈಸ್ಕೂಲಿನ ರಸಾಯನಶಾಸ್ತ್ರವೂ ನಮ್ಮ ದೇವರಮನೆಯ ಹಿತ್ತಾಳೆ ದೀಪಗಳೂ ಇಪ್ಪತ್ತೈದು ವರ್ಷದ ಹಿಂದೆಯೇ ನನಗೆ ಕಲಿಸಿದ್ದವು. ಆದ್ದರಿಂದ ಮುಂಬಾಗಿಲ ಪಕ್ಕದಲ್ಲೇ, ಬೀದಿಗೆಲ್ಲ ಕಾಣುವಂತೆ, ಹುಣಸೆಹಣ್ಣು ಹಚ್ಚಿ ತೆಂಗಿನ ನಾರಿನಿಂದ ಬಲವಾಗಿ ಉಜ್ಜಿದೆ. ಪುಡಿ ಹೋಯಿತು. ಹಿಂದೆಯೇ ಬಣ್ಣವೂ ಹೋಯಿತು. ಮೂರು ಉದ್ದನೆಯ ಗೆರೆಗಳಲ್ಲಿ ತಾವು ಹೊಸ ಪಾತ್ರೆಯಂತೆ ಫಳಫಳ ಹೊಳೆದಿರಿ.

ನನ್ನ ಹೆಂಡತಿ ಸತ್ಯವತಿ ಹೊರಬಂದು ನೋಡಿ, ಏನ್ರೀ, ಗೋಡೆಗೂ ಬತ್ತಿ ಹಾಕಿ ಹಚ್ಚೋಣವಾ ಎಂದು ಕೇಳಿದಳು. ಅದು ಕಿಲುಬಲ್ಲ, ಬಿಸಿಲಿಗೆ ಸತ್ತ ಪೇಂಟಿನ ಪುಡಿ ಎಂದು ಎಂಟನೇ ತರಗತಿಯ ಮಗಳು ಲಾಸ್ಯಾ ನನಗೆ ನಿಧಾನವಾಗಿ, ಇಂಗ್ಲಿಷಿನಲ್ಲಿ ತಿಳಿಸಿಕೊಟ್ಟಳು.

ಆದುದರಿಂದ ನನ್ನ ಬೇಡಿಕೆ ಒಂದೇ. ಭಾನುವಾರದೊಳಗೆ ಆ ಮೂರು ಗೆರೆಗಳಷ್ಟನ್ನು ದಯವಿಟ್ಟು ಮತ್ತೆ ಮಂಕಾಗಿಸಿಕೊಳ್ಳಿ. ಮೂವತ್ತು ವರ್ಷದ ಕೆಲಸವನ್ನು ನಾಲ್ಕು ದಿನದಲ್ಲಿ ಮುಗಿಸುತ್ತೇವೆಂದು ನಾನಿರುವ ಡಾಟ್‌ಕಾಮ್ ಕಂಪನಿ ವಾರಕ್ಕೊಮ್ಮೆ ಗ್ರಾಹಕರಿಗೆ ಮಾತು ಕೊಡುತ್ತದೆ. ತಾವೂ ಸುಮ್ಮನೆ ಒಂದು ಮಾತು ಕೊಟ್ಟುಬಿಡಿ.

ಉಜ್ಜಿ ಉಜ್ಜಿ ಅಂಗೈ ಸವೆಸಿಕೊಂಡ
ತಮ್ಮ ವಿಶ್ವಾಸಿ,
ಚೆಲುವರಾಜು

ಮರೆತ ಮಾತು: ತಮ್ಮ ಉಳಿದ ಭಾಗವನ್ನು ಸತ್ಯವತಿ ಚೀಟಿಯಲ್ಲಿದ್ದಂತೆಯೇ ತೊಳೆದಿದ್ದಾಳೆ, ನನ್ನ ಗೆರೆಗಳು ಈಗ ಇನ್ನೂ ಚೆನ್ನಾಗಿ ಕಾಣುತ್ತಿವೆ. ಗೃಹಪ್ರವೇಶದ ಗುಂಪು ಫೋಟೋದಲ್ಲಿ ಅವುಗಳ ಮುಂದೆ ಎತ್ತರದವರನ್ನು ನಿಲ್ಲಿಸುವುದೆಂದು ತೀರ್ಮಾನವಾಗಿದೆ. ನಾನು ಕುಳ್ಳ. ಕ್ಯಾಮರಾ ನನ್ನ ಕೈಗೆ ಕೊಟ್ಟಿದ್ದಾರೆ.