ಮಾವನವರ ಟ್ರ್ಯಾಕ್ಟರಿನ ಕಟಕಟ

ನವೆಂಬರ್ ಎಂಟು, ಭಾನುವಾರ. ಬೆಳಿಗ್ಗೆ ಮೋಡ ಕವಿದಿತ್ತು; ತಿಂಡಿಯ ಹೊತ್ತಿಗೆ ಬಿಸಿಲು ಬಂತು. ನನ್ನ ಬುದ್ಧಿಗೆ ಕವಿದ ಮೋಡ ಮಾತ್ರ ಸಂಜೆಯವರೆಗೂ ಸರಿಯಲಿಲ್ಲ.

ಮಾವನವರ ಹಳೆಯ ಟ್ರ್ಯಾಕ್ಟರ್ ಕೆಲವು ದಿನಗಳಿಂದ ಕಟಕಟ ಎನ್ನುತ್ತಿತ್ತು. "ಸಂಜೆ ಗುಜರಿಯವನನ್ನ ಕರ್ಕೊಂಡು ಬರ್ತೀನಿ" ಎಂದು ಅವರು ಹೊರಟರು. ನನ್ನ ಹೆಂಡತಿ ಸ್ಟಿಯರಿಂಗ್ ಹಿಡಿಯಲು ಕಲಿತದ್ದೇ ಅದರ ಮೇಲೆ. ಅವಳ ಮುಖ ಬಾಡಿತು.

ನಾನು ಎದೆಯುಬ್ಬಿಸಿದೆ. "ಇದು ಎಂಜಿನ್ನಿನೊಳಗಿನ ಟೈಮಿಂಗ್ ಗಿಯರಿನ ಹಲ್ಲು ಸವೆದ ಶಬ್ದ. ಸಂಜೆಯೊಳಗೆ ಸರಿಮಾಡ್ತೀನಿ!"

"ರೀ, ಕುಕ್ಕರಿನ ಹಿಡಿ ಬಿಗಿಮಾಡ್ತೀನಿ ಅಂತ ಹೋದ ವರ್ಷ ಹೇಳಿದ್ರಿ. ಇನ್ನೂ ಇಕ್ಕಳದಲ್ಲೇ ಎತ್ತುತ್ತಿದ್ದೀನಿ."

ಸೀಟಿನ ಕೆಳಗಿದ್ದ ಮಾವನವರ ಸಲಕರಣೆ ಪೆಟ್ಟಿಗೆಯನ್ನು ನಾನು ಮುಟ್ಟಲಿಲ್ಲ. ನನ್ನದೇ ಹೊಸ ಸ್ಪ್ಯಾನರ್ ಸೆಟ್ ಇರುವಾಗ ಆ ತುಕ್ಕುರಾಶಿ ಯಾರಿಗೆ ಬೇಕು! ಬಾನೆಟ್, ರೇಡಿಯೇಟರ್, ಫ್ಯಾನು, ಪುಲ್ಲಿ ಒಂದೊಂದಾಗಿ ಕಳಚಿದವು. ಕೊನೆಗೆ ಮುಂದಿನ ಮುಚ್ಚಳ ತೆಗೆದಾಗ ಮೂರು ಗಿಯರುಗಳು ದರ್ಶನ ಕೊಟ್ಟವು. ಅವುಗಳ ಮೇಲಿನ ಚುಕ್ಕೆಗಳು ಒಂದಕ್ಕೊಂದು ಎದುರಾದರೆ ಟೈಮಿಂಗ್ ಸರಿ ಎಂದರ್ಥ. ಎಂಜಿನ್ನನ್ನು ಎರಡು ಸುತ್ತು ತಿರುಗಿಸಿದೆ. ಚುಕ್ಕೆಗಳು ಮುನಿಸಿಕೊಂಡ ದಾಯಾದಿಗಳಂತೆ ಮುಖ ತಿರುಗಿಸಿಕೊಂಡೇ ಸಾಗಿದವು.

"ಮುಗೀತು! ಟೈಮಿಂಗ್ ಹೋಗಿದೆ. ಮಧ್ಯದ ಗಿಯರ್ ತೆಗೀತೀನಿ."

"ಕೈ ಹಚ್ಚಬೇಡಿ!" ಗಣಿತದ ಮೇಡಂ ಆದ ಹೆಂಡತಿ ಟಾರ್ಚನ್ನು ನನ್ನ ಮುಖಕ್ಕೇ ಹಿಡಿದಳು. "ಮಧ್ಯದ್ದರ ಹಲ್ಲಿನ ಲೆಕ್ಕವೇ ಬೇರೆ. ಎರಡೇ ಸುತ್ತಿಗೆ ಚುಕ್ಕೆಗಳು ಹೇಗೆ ಕೂಡ್ತವೆ? ಎಷ್ಟೋ ಸುತ್ತು ಆದ್ಮೇಲೆ ಮೂರೂ ಎದುರಾಗ್ತವೆ, ತಿರುಗಿಸ್ತಾ ಇರಿ."

ತಿರುಗಿಸಿದೆ. ರಟ್ಟೆ ಸೋತು, ಬನಿಯನ್ ತೊಯ್ದು ತೊಪ್ಪೆಯಾದ ಮೇಲೆ ಮೂರೂ ಚುಕ್ಕೆಗಳು ಕೂಡಿದವು! ಹಲ್ಲುಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ನನ್ನ ಹಲ್ಲಿಗಿಂತ ಗಟ್ಟಿಯಾಗಿದ್ದವು.

ಎಲ್ಲವನ್ನೂ ಮರುಜೋಡಿಸಿ ಸ್ಟಾರ್ಟ್ ಮಾಡಿದೆ.

ಕಟಕಟ, ಕಟಕಟ!

ಹೆಂಡತಿ ಸೀಟಿನ ಕೆಳಗಿನ ಪೆಟ್ಟಿಗೆ ತೆರೆದು ಒಂದು ಸ್ಟೀಲ್ ಲೋಟ ಹೊರತೆಗೆದಳು. ಕಟಕಟ ನಿಂತಿತು. ಅವಳು ಲೋಟವನ್ನು ಸೆರಗಿನಲ್ಲಿ ಮರೆಮಾಡಿ ಒಳಗೆ ನಡೆಯುವುದಕ್ಕೂ, ಮಾವನವರು ಗುಜರಿಯವನೊಂದಿಗೆ ಬರುವುದಕ್ಕೂ ಸರಿಹೋಯಿತು.

ಮಾವನವರು ಕಿವಿಗೊಟ್ಟು ಆಲಿಸಿದರು. "ಭೇಷ್ ಅಳಿಯಂದಿರೇ! ಶಬ್ದವೇ ಇಲ್ಲ! ಏನಪ್ಪಾ, ನೀನು ಹೊರಡು. ಇದನ್ನ ಕೊಡಲ್ಲ."

ನಾನು ವಿನಯದಿಂದ ತಲೆ ಬಾಗಿಸಿದೆ. ಅಷ್ಟರಲ್ಲಿ ಹೆಂಡತಿ ಅವರಿಗೆ ಚಹಾ ತಂದಳು.

"ಅರೆ, ನನ್ನ ಲೋಟ! ಎಷ್ಟು ದಿನದಿಂದ ಹುಡುಕ್ತಿದ್ದೆ. ಎಲ್ಲಿ ಸಿಕ್ತಮ್ಮಾ?"

"ಎಂಜಿನ್ ಪೂರ್ತಿ ಬಿಚ್ಚಿ ನೋಡಿದ ಮೇಲೆ ಸಿಕ್ತಪ್ಪಾ" ಎಂದಳು. "ಬಹಳ ಆಳಕ್ಕೆ ಇಳಿದು ಹುಡುಕಿದ್ರು."

ಖರ್ಚು: ಮುಚ್ಚಳದಡಿಯ ಗ್ಯಾಸ್ಕೆಟ್ ಒಂದು, ಅಂಟು ಒಂದು ಟ್ಯೂಬ್, ತೊಳೆಯಲು ಡೀಸೆಲ್, ಬೆನ್ನಿಗೆ ಮುಲಾಮು. ಕುಕ್ಕರಿನ ಹಿಡಿಗೆ ಸ್ಕ್ರೂ ಒಂದು. ರಾತ್ರಿ ಊಟಕ್ಕೆ ಮುಂಚೆಯೇ ಹಾಕಿಕೊಟ್ಟೆ.