ಅಡುಗೆಮನೆಯ ಮಾತುಗಳ ತವರು

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ಗಡಹಿಂಗ್ಲಜದ ಪೇಟೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ನಾನಂತೂ ಕೇಳದೆಯೇ ಹೇಳುತ್ತಿದ್ದೆ! ಬೇರೆಯವರ ಮನೆಯಲ್ಲಿ ಚಾವಿ ಕೇಳಿದರೆ ಚಾವಿ ಕೊಡುತ್ತಾರೆ. ಮಾವ ಅದರ ಕುಲಗೋತ್ರ ಹೇಳುತ್ತಿದ್ದ.

"ಚಾವಿ ಅನ್ನೋ ಮಾತು ನಮ್ಮದಲ್ಲೋ. ಪೋರ್ತುಗೀಜರ ಹಡಗಿನ್ಯಾಗ ಗೋವಾಕ್ಕ ಬಂದು, ಘಟ್ಟ ಏರಿ, ಆಜರಾ ದಾಟಿ ನಮ್ಮ ಮನಿಗೆ ಬಂದೈತಿ."

ಅದು ಘಟ್ಟ ಏರುವಷ್ಟರಲ್ಲಿ, ಬೀಗ ಹಾಕಿದ ಮಾವನ ಮೆಣಸಿನಕಾಯಿ ಅಂಗಡಿಯ ಮುಂದೆ ಬಿಸಿಲಲ್ಲಿ ನಿಂತಿದ್ದ ಗಿರಾಕಿಗಳು ಎದುರಿನ ಅಂಗಡಿ ಸೇರಿರುತ್ತಿದ್ದರು.

ರಾಜ್ಯಗಳ ಗಡಿ ಹೊಸದಾಗಿ ಬಿದ್ದು, ಮಾವನ ಕನ್ನಡದ ಮನೆ ಮರಾಠಿ ಸೀಮೆಯಲ್ಲಿ ಉಳಿದಿದ್ದ ಕಾಲ ಅದು. ನಾನು ಇಚಲಕರಂಜಿಯ ಮಗ್ಗದ ಕಾರ್ಖಾನೆಯಲ್ಲಿ ಕಾರಕೂನ. ಸೂಟಿ ಸಿಕ್ಕಾಗ ಮಾವನ ಮನೆಗೆ ಓಡುತ್ತಿದ್ದೆ. ಮದುವೆಗೆ ಮುಂಚೆ ಅವನಿಗೆ ಈ ಹುಚ್ಚು ಇರಲಿಲ್ಲ. ಅತ್ತೆ ಕೊಲ್ಲಾಪುರದವಳು. ದೇವರು ಒಂದೇ, ಜಾತಿ ಒಂದೇ, ಮಾತು ಮಾತ್ರ ಮರಾಠಿ. ಮಾವನ ತಾಯಿ, ನಮ್ಮ ಅಜ್ಜಿಗೆ ಮರಾಠಿ ಬರುತ್ತಿರಲಿಲ್ಲವೇ? ಸಂತೆಯಲ್ಲಿ ಬದನೆಕಾಯಿಯವಳೊಂದಿಗೆ ಮರಾಠಿಯಲ್ಲೇ ಜಗಳ ಗೆದ್ದು ಬರುತ್ತಿದ್ದಳು! ಆದರೆ "ಅದು ಬಾಜಾರದ ಮಾತು, ನನ್ನ ಒಲಿ ಮುಂದ ಬ್ಯಾಡ" ಎಂಬುದು ಅವಳ ಕಾಯಿದೆ. ತಪ್ಪು ಕನ್ನಡ ಆಡಿ ನಗೆಗೀಡಾಗುವುದಕ್ಕಿಂತ ಸುಮ್ಮನಿರುವುದೇ ಮೇಲೆಂದು ಅತ್ತೆ ಬಾಯಿ ಮುಚ್ಚಿಕೊಂಡಳು. ಎಲ್ಲಕ್ಕೂ ಬರೀ ತಲೆಯಾಡಿಸುತ್ತಿದ್ದ ಆ ಹುಡುಗಿಯನ್ನು ಕಂಡರೆ ನನಗೆ ಸಂಕಟವಾಗುತ್ತಿತ್ತು. ತವರಿಗೆ ಹೋದರೆ ಮರಳಿ ಬರುವಳೋ ಇಲ್ಲವೋ ಎಂದು ನನ್ನ ಅವ್ವ ಅಂಜುತ್ತಿದ್ದಳು.

ಒಮ್ಮೆ ಊಟಕ್ಕೆ ಕೂತಾಗ ಅತ್ತೆಯ ಬಾಯಿಂದ ಮೆಲ್ಲಗೆ "ತೂಪ" ಎಂದು ಬಂದುಬಿಟ್ಟಿತು. ಬಡಿಸುತ್ತಿದ್ದ ಅಜ್ಜಿಯ ಕೈ ನಿಂತಿತು.

"ಅವ್ವಾ, ತೂಪ ಅಂದ್ರ ನಮ್ಮ ತುಪ್ಪಾನ," ಎಂದ ಮಾವ. "ನಮ್ಮ ಕಡಿಂದನ ಅವರ ಕಡಿ ಹೋಗೈತಿ. ಅವರ ಅಡಕಿತ್ತಾನೂ ನಮ್ಮ ಅಡಕತ್ತರೀನ. ಈಕಿ ಅರ್ಧ ಕನ್ನಡಾನ ಮಾತಾಡಾಕತ್ತಾಳ."

"ಹಂಗಾರ ಉಳಿದರ್ಧ ಯಾವಾಗ ಮಾತಾಡ್ತಾಳಂತ?" ಎಂದು ಅಜ್ಜಿ ತುಪ್ಪ ಬಡಿಸಿದಳು.

ಅಲ್ಲಿಂದ ಮಾವನಿಗೆ ಬಿಡುವೇ ಇಲ್ಲ. ದಿನಕ್ಕೊಂದು ಮಾತಿನ ನೆಂಟಸ್ತನ ಹುಡುಕಿ ತಂದು ಒಲೆಯ ಮುಂದೆ ಕೂರುತ್ತಿದ್ದ. ವ್ಯಾಪಾರ ಅರ್ಧಕ್ಕಿಳಿಯಿತು.

ಒಂದು ಮುಂಜಾನೆ ಮಜ್ಜಿಗೆ ಕಡೆಯುತ್ತಿದ್ದ ಅಜ್ಜಿ ತಾನಾಗಿಯೇ ಕಡಗೋಲು ಎತ್ತಿ ಸೊಸೆಗೆ ತೋರಿಸಿದಳು.

"ಇದಕ್ಕ ನಿಮ್ಮ ಕಡಿ ಏನಂತಾರವಾ?"

"ರವಿ ಅಂತಾರ್ರಿ, ಅತ್ತಿ."

ಅತ್ತೆ ಅಷ್ಟಕ್ಕೇ ನಿಲ್ಲಲಿಲ್ಲ. ತನ್ನ ತಾಯಿ ಮಜ್ಜಿಗೆಗೆ ಏನೇನು ಹಾಕುತ್ತಾಳೆಂದು ಎರಡೂ ಭಾಷೆ ಕಲಸಿ ಹೇಳುತ್ತಲೇ ಹೋದಳು. ಅಜ್ಜಿ ಕಡೆಯುವುದನ್ನು ಬಿಟ್ಟು "ಹೂಂ, ಮುಂದ?" ಎನ್ನುತ್ತಿದ್ದಳು.

ಮಾವ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ನಾನು ಕೆಣಕಿದೆ: "ಮಾವಾ, ಈ ರವಿ ಎಲ್ಲಿಂದ ಬಂತು?"

ಅವನು ಧೋತರದ ತುದಿಯಿಂದ ಕಣ್ಣೊರೆಸಿಕೊಂಡ.

"ಎಲ್ಲಿಂದರ ಬರ್ಲಿ ಬಿಡೊ. ನಮ್ಮ ಮನಿಗೆ ಬಂದೈತಲ್ಲ, ಸಾಕು."